ಆರನೆಯ ಗಾಜು

ನಮ್ಮ ಅಡುಗೆಮನೆಯ ಕಿಟಕಿಗೆ ಆರು ಗಾಜು. ಐದನ್ನು ತೊಳೆದಿದ್ದೇನೆ, ಒಂದನ್ನು ತೊಳೆದಿಲ್ಲ. ಮನೆಗೆ ಬಂದವರೆಲ್ಲ ಅದನ್ನು ನೋಡಿ, "ಏನಮ್ಮಾ ಬುರುಲ್, ಅದೊಂದನ್ನ ಯಾಕೆ ಹಾಗೇ ಬಿಟ್ಟೆ?" ಎಂದು ಕೇಳುತ್ತಾರೆ. ನನ್ನ ಅತ್ತೆ ಕಲಿಪಾ ಮಾತ್ರ ಕೇಳುವುದಿಲ್ಲ. ಯಾಕೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ಗುರುವಾರ ಬಂತೆಂದರೆ ನಮ್ಮಲ್ಲಿ ಸತ್ತವರಿಗಾಗಿ ವಾಸನೆ ಎಬ್ಬಿಸಬೇಕು. ಬಾಣಲೆಯಲ್ಲಿ ಎಣ್ಣೆ ಹೊಗೆಯಾಡುವಷ್ಟು ಕಾಯಿಸಿ, ಹಿಟ್ಟಿನ ಸಣ್ಣ ಸಣ್ಣ ತುಂಡು, ಬೋರ್ಸೋಕ್, ಕರಿಯಬೇಕು. ಮನೆಯ ಹಿರಿಯರು ಕೂತು ಸತ್ತವರ ಹೆಸರನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳಿ ಪ್ರಾರ್ಥನೆ ಮಾಡುತ್ತಾರೆ. ಹೆಸರು ಹೇಳಿಸಿಕೊಂಡವರಿಗೆ ಆ ವಾಸನೆಯೇ ಊಟ. ಹೇಳಿಸಿಕೊಳ್ಳದವರು ಹೊಸ್ತಿಲಾಚೆ ನಿಂತು ಹಸಿದ ಹೊಟ್ಟೆಯಲ್ಲೇ ವಾಪಸ್ಸು ಹೋಗುತ್ತಾರೆ. ನಾನು ಇದನ್ನು ನಂಬುತ್ತೇನೆ. ನಂಬದವರ ಜೊತೆ ನನಗೆ ಜಗಳವಿಲ್ಲ, ಅವರ ಅಮ್ಮಂದಿರು ಬದುಕಿರಬಹುದು.

ಕರಿಯುವವಳು ನಾನು, ಹೆಸರು ಹೇಳುವವರು ಅತ್ತೆ. ಒಲೆ ಕಿಟಕಿಗೆ ಅಂಟಿಕೊಂಡಂತೆಯೇ ಇದೆ. ಸರೋವರದ ಬಳಿಯ ನಮ್ಮ ಊರು ಕರಾಕೋಲಿನ ಚಳಿ ಶುರುವಾಗುವ ಮೊದಲು ಕಿಟಕಿಯ ಎರಡು ಚೌಕಟ್ಟುಗಳ ನಡುವೆ ಹತ್ತಿ ತುರುಕಿ, ಸಂದಿಗೆಲ್ಲ ಬಟ್ಟೆಸೋಪು ಸವರಿದ ಕಾಗದದ ಪಟ್ಟಿ ಅಂಟಿಸಿಬಿಟ್ಟರೆ ಮಾರ್ಚಿಯವರೆಗೆ ಕಿಟಕಿ ತೆಗೆಯುವ ಮಾತೇ ಇಲ್ಲ. ಮೇಲೆ ಗಾಳಿಗೆಂದು ಸಣ್ಣ ಕಿಂಡಿಯೊಂದಿದೆ. ಅದನ್ನೂ ಅತ್ತೆ ತೆಗೆಯಗೊಡುವುದಿಲ್ಲ. ಅತ್ತೆಯನ್ನು ನಾವು ಸೊಸೆಯರು ಅಪಾ ಅಂತ ಕರೆಯುತ್ತೇವೆ.

"ಅಪಾ, ಹೊಗೆಗೆ ಕಣ್ಣು ಬಿಡೋಕಾಗ್ತಿಲ್ಲ. ಒಂಚೂರು ಕಿಂಡಿ ತೆಗೀಲಾ?"

"ತೆಗಿ, ತೆಗಿ! ಪಕ್ಕದ್ಮನೆ ಸತ್ತೋರೆಲ್ಲ ಬಂದು ಪುಕ್ಕಟೆ ತಿಂದ್ಕೊಂಡು ಹೋಗ್ಲಿ. ಎಣ್ಣೆ ನಿಮ್ಮಪ್ಪ ತಂದ್ಕೊಡ್ತಾನಾ?"

ಹೀಗಾಗಿ ನಮ್ಮ ಮನೆಯ ಸತ್ತವರು ಉಂಡು ಬಿಟ್ಟಿದ್ದೆಲ್ಲ ಕಿಟಕಿಗೆ ಕೂತುಕೊಳ್ಳುತ್ತಿತ್ತು. ನವೆಂಬರಿನಲ್ಲಿ ಹಳದಿ, ಜನವರಿಯಲ್ಲಿ ಕಂದು. ಫೆಬ್ರವರಿ ಹೊತ್ತಿಗೆ ಉಗುರಿನಿಂದ ಕೆರೆದರೆ ಜಿಡ್ಡು ಸುರುಳಿಯಾಗಿ ಏಳುತ್ತಿತ್ತು.

ನನ್ನ ಅಮ್ಮ ಜೂರಾ ತೀರಿಕೊಂಡದ್ದು ಅಕ್ಟೋಬರ್ ಕೊನೆಯಲ್ಲಿ, ಸರೋವರದ ಆಚೆ ದಡದ ನಮ್ಮ ಹಳ್ಳಿಯಲ್ಲಿ. ಮಣ್ಣು ಮಾಡಿ, ಮೂರು ದಿನ ಇದ್ದು ವಾಪಸ್ಸು ಬಂದೆ. ಅಣ್ಣ ರಷ್ಯಾದಲ್ಲಿ ಕಟ್ಟಡದ ಕೆಲಸಕ್ಕಿದ್ದಾನೆ. ಬಂದವನು ಮನೆಗೆ ಬೀಗ ಹಾಕಿ ಹೊರಟುಹೋದ. ನಾನು ಬಸ್ಸಿಳಿದು ಬೀದಿಯಲ್ಲಿ ಬರುತ್ತಿದ್ದರೆ ಪಕ್ಕದ ಮನೆಯಾಕೆ ಬೇಲಿಯಿಂದ ಕೂಗಿದಳು. "ಆಲೂಗಡ್ಡೆ ಕಿತ್ತಾಯ್ತಾ ಬುರುಲ್? ಬೆಳೆ ಚೆನ್ನಾಗಿತ್ತಾ?"

ನಾನು ತಬ್ಬಿಬ್ಬಾದೆ. ಒಳಗೆ ಹೋಗಿ ಅತ್ತೆಯನ್ನು ಕೇಳಿದೆ.

"ಹೂಂ, ನಾನೇ ಹಾಗೆ ಹೇಳ್ದೆ," ಎಂದರು ಅತ್ತೆ, ಚಹಾ ಬಸಿಯುತ್ತ. "ಸತ್ಲು ಅಂದ್ರೆ ಇಡೀ ಬೀದಿ ಅತ್ಕೊಂಡು ಬಂದು ಕೂರುತ್ತೆ. ಹದಿನಾಲ್ಕು ಮನೆ. ಅವರಿಗೆಲ್ಲ ಚಹಾ, ಮಾಂಸ, ರೊಟ್ಟಿ ಯಾರು ಹಾಕ್ತಾರೆ? ಅವಳು ಸತ್ತಿದ್ದು ಅವಳ ಮನೇಲಿ, ನಮ್ಮನೇಲಲ್ಲ."

ಅತ್ತೆಗೆ ಎದುರು ಮಾತಾಡಬಾರದು ಅಂತ ಅಮ್ಮನೇ ಕಲಿಸಿದ್ದಳು. ನಾನು ಬಾಯಿ ಮುಚ್ಚಿಕೊಂಡು ಹಿಟ್ಟು ನಾದಲು ಕೂತೆ.

ಆ ಗುರುವಾರ ಕರಿಯುವಾಗ ನನ್ನ ಕಿವಿಯೆಲ್ಲ ಅತ್ತೆಯ ಬಾಯಿಯ ಮೇಲೇ ಇತ್ತು. ಮಾವನ ಹೆಸರು ಬಂತು. ಮಾವನ ಅಪ್ಪ, ಅಜ್ಜ, ಯುದ್ಧದಿಂದ ಬಾರದ ಚಿಕ್ಕಪ್ಪ, ಹುಟ್ಟಿದ ವಾರಕ್ಕೇ ಹೋದ ಕೂಸು, ಎಲ್ಲ ಬಂತು. ಸಾಲದ್ದಕ್ಕೆ ಮಾವನಿಗೆ ಒಮ್ಮೆ ಕುರಿ ಮಾರಿದ್ದ ಯಾರೋ ಒಬ್ಬನ ಹೆಸರೂ ಬಂತು. ಆಮೇಲೆ ಅತ್ತೆ ಎರಡೂ ಕೈಯಿಂದ ಮುಖ ಸವರಿಕೊಂಡು "ಓಮಿನ್" ಅಂದುಬಿಟ್ಟರು.

ನನ್ನ ಮಗಳು ಮೀರಿಮ್‌ಗೆ ಹತ್ತು ವರ್ಷ. ಅವಳೇ ಕೇಳಿದಳು. "ಅಜ್ಜೀ, ಜೂರಾ ಅಜ್ಜಿ ಹೆಸರು ಮರೆತ್ಯಾ?"

"ಮರೆತಿಲ್ಲ. ಅದು ನಮ್ಮನೆ ಹೆಸರಲ್ಲ."

"ಮತ್ತೆ ಅವಳಿಗೆ ಯಾರು ಹಾಕ್ತಾರೆ ಊಟ?"

"ಅವಳ ಮಗ ಹಾಕ್ತಾನೆ. ನಮ್ಮೆಣ್ಣೆ, ನಮ್ಮ ಸತ್ತೋರು. ನೀನು ಸುಮ್ನೆ ತಿನ್ನು."

ಅವಳ ಮಗ! ರಷ್ಯಾದಲ್ಲಿ ತಗಡಿನ ಕೋಣೆಯಲ್ಲಿ ಎಂಟು ಜನರ ಜೊತೆ ಮಲಗುವವನು ಎಣ್ಣೆ ಕಾಯಿಸುತ್ತಾನಂತೆ! ನಾನು ಜರಡಿ ಸೌಟಿನಿಂದ ಬೋರ್ಸೋಕ್ ಎತ್ತಿ ತಟ್ಟೆಗೆ ಹಾಕುತ್ತಿದ್ದೆ. ಇದನ್ನೆಲ್ಲ ಕರಿದದ್ದು ಅವಳ ಮಗಳು, ಅವಳೊಬ್ಬಳು ಮಾತ್ರ ಉಪವಾಸ. ಸೌಟನ್ನು ಬಾಣಲೆಗೆ ಅದ್ದಿದ ರಭಸಕ್ಕೆ ಎಣ್ಣೆ ಸಿಡಿದು ಮಣಿಕಟ್ಟಿಗೆ ಬೊಬ್ಬೆ ಬಂತು.

ಗಂಡ ಮಿರ್ಲಾನ್ ಊರಲ್ಲಿ ಮಿನಿಬಸ್ಸು ಓಡಿಸುತ್ತಾನೆ. ಮನೆಗೆ ಕಿರಿಯ ಮಗ. ನಮ್ಮಲ್ಲಿ ಕಿರಿಯವನಿಗೇ ಮನೆ, ಮನೆಯ ಜೊತೆಗೆ ತಾಯಿ, ತಾಯಿಯ ನಂತರ ಅವಳ ಒಲೆ. ಅವನು ಊಟಕ್ಕೆ ಕೂತಾಗ ಹೇಳಿದೆ.

"ಒಂದು ಹೆಸರು ತಾನೇ," ಅಂದ ಅವನು, ನೂಡಲ್ ಎಳೆದುಕೊಳ್ಳುತ್ತ. "ಮನಸ್ಸಲ್ಲೇ ಹೇಳ್ಕೊಂಬಿಡು."

"ಹಾಗಾದ್ರೆ ನಿಮ್ಮಪ್ಪಂದೂ ಮನಸ್ಸಲ್ಲೇ ಹೇಳ್ಕೊಳ್ಲಿ ನಿಮ್ಮಮ್ಮ. ಎಣ್ಣೆ ಉಳಿಯತ್ತೆ."

"ಅಮ್ಮಂಗೆ ವಯಸ್ಸಾಯ್ತು ಬುರುಲ್."

"ನಮ್ಮಮ್ಮಂಗೆ ಆಗ್ಲಿಲ್ಲ. ಅರವತ್ತಕ್ಕೇ ಸತ್ಲು."

ಅವನು ತಟ್ಟೆ ಎತ್ತಿಕೊಂಡು ಟೀವಿ ಇರುವ ಕೋಣೆಗೆ ಹೋದ. ಜಗಳ ಬಂದಾಗೆಲ್ಲ ಅವನು ತಟ್ಟೆ ಎತ್ತಿಕೊಳ್ಳುತ್ತಾನೆ. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವನು ಬಿಸಿ ಊಟ ಪೂರ್ತಿ ಮಾಡಿದ್ದು ಕಡಿಮೆ.

ಫೆಬ್ರವರಿ ಮೊದಲ ವಾರ ದೊಡ್ಡ ಸೊಸೆ ಶಾರ್ಕನ್ ಬಂದಳು. ಊರಿನ ಆ ತುದಿಯ ಅಪಾರ್ಟ್‌ಮೆಂಟಿನಲ್ಲಿರುತ್ತಾಳೆ. ತಿಂಗಳಿಗೊಮ್ಮೆ ಒಂದು ಪೊಟ್ಟಣ ಸಕ್ಕರೆಮಿಠಾಯಿ ತಂದು, ಎರಡು ಬಾಟಲಿ ಜಾಮ್ ಒಯ್ಯುತ್ತಾಳೆ. ಕೂತವಳೇ ಕಿಟಕಿಯ ಮೇಲೆ ಬೆರಳೆಳೆದು, ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದಳು.

"ಅಯ್ಯೋ ದೇವ್ರೇ, ಬುರುಲ್! ಇದನ್ನ ಕೆರೆದು ಬಾಣಲೆಗೆ ಹಾಕಿದ್ರೆ ಇನ್ನೊಂದು ಒಬ್ಬೆ ಕರೀಬಹುದು."

"ಅವಳಿಗೇನು ಹೇಳ್ತೀಯ," ಅಂದರು ಅತ್ತೆ. "ಇವಳಮ್ಮ ಇಪ್ಪತ್ಮೂರು ವರ್ಷ ಊರೋರ ಕಿಟಕಿ ಒರೆಸಿದ್ಲು. ಮಗಳಿಗೆ ಒಂದು ಬಟ್ಟೆ ಹಿಡಿಯೋದು ಕಲಿಸ್ಲಿಲ್ಲ. ಅಥವಾ ಅವಳಿಗೂ ಬರ್ತಿರ್ಲಿಲ್ವೋ ಏನೋ. ಯಾರು ಕಂಡಿದ್ದಾರೆ?"

ಇಬ್ಬರೂ ನಕ್ಕರು. ಶಾರ್ಕನ್ ಆ ಬೆರಳನ್ನು ನಾನು ಒಣಹಾಕಿದ್ದ ಟವೆಲ್ಲಿಗೇ ಒರೆಸಿದಳು.

ನನ್ನ ಅಮ್ಮ ಸರೋವರದ ದಡದ ಆರೋಗ್ಯಧಾಮದಲ್ಲಿ ಗಾಜು ಒರೆಸುವವಳು. ಮೂರಂತಸ್ತು, ನೂರಾರು ಕಿಟಕಿ, ಅದರಲ್ಲಿ ಹನ್ನೆರಡು ಅಡುಗೆಶಾಲೆಯವು. ಅಲ್ಲಿ ದಿನಾ ಕುರಿಕೊಬ್ಬು ಕಾಯುತ್ತಿತ್ತು. ಅವಳ ಗಾಜಿಗೆ ಗುಬ್ಬಚ್ಚಿಗಳು ಬಡಿದು ಬೀಳುತ್ತಿದ್ದವು. ಆ ಕೆಲಸವನ್ನು ನನಗೆ ಏಳು ವರ್ಷವಿದ್ದಾಗಲೇ ಕಲಿಸಿದ್ದಳು. ಆದರೆ ಆ ನಗು ಕೇಳಿದ ಮೇಲೆ ನನ್ನೊಳಗೆ ಏನೋ ಗಟ್ಟಿಯಾಗಿ ಕೂತುಬಿಟ್ಟಿತು. ಈ ಕಿಟಕಿಯನ್ನು ನಾನು ಮುಟ್ಟುವುದಿಲ್ಲ. ಯಾರ ಸತ್ತವರು ಉಂಡರೋ ಅವರೇ ತೊಳೆಯಲಿ. ಅತ್ತೆ ಬೀದಿಯ ಮುಂದೆ ತಲೆ ತಗ್ಗಿಸುವುದನ್ನು ಕಣ್ಣಾರೆ ನೋಡಬೇಕು.

ಅದಕ್ಕೆ ಬಹಳ ಕಾಯಬೇಕಾಗಿ ಬರಲಿಲ್ಲ. ನಮ್ಮ ಬೀದಿಯ ಹೆಂಗಸರು ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಚಹಾ, ಊಟ ಮಾಡುತ್ತಾರೆ. ಶೆರಿನೆ ಅನ್ನುತ್ತೇವೆ. ಆ ವರ್ಷ ಮಾರ್ಚಿಯ ನೂರುಜ್, ಅಂದರೆ ಹೊಸ ವರ್ಷದ ಹಬ್ಬದ ವಾರದ ಸರದಿ ನಮ್ಮ ಮನೆಗೆ ಬಂತು. ಆ ವಾರ ಎಲ್ಲರೂ ಚಳಿಗಾಲದ ಕಾಗದದ ಪಟ್ಟಿ ಕಿತ್ತು ಕಿಟಕಿ ತೊಳೆಯುತ್ತಾರೆ. ಬಂದ ಹೆಂಗಸರು ಮೊದಲು ನೋಡುವುದೇ ಕಿಟಕಿ, ಆಮೇಲೆ ಮನೆಯವರ ಮುಖ. ಅತ್ತೆ ಬೇಕೆಂದೇ ಗುರುವಾರ ಗೊತ್ತುಮಾಡಿದರು, ಒಂದೇ ಎಣ್ಣೆಯಲ್ಲಿ ಬದುಕಿದವರೂ ಸತ್ತವರೂ ಉಣ್ಣಲಿ ಅಂತ.

ಸೋಮವಾರ ಪಟ್ಟಿ ಕೀಳುತ್ತ ಅತ್ತೆ ಹೇಳಿದರು. "ನೀರು ಕಾಯಿಸು. ಇವತ್ತು ಕಿಟಕಿ ತೊಳ್ಯೋದು."

"ನನಗೆ ಬಟ್ಟೆ ಹಿಡ್ಯೋಕೆ ಬರಲ್ವಲ್ಲ ಅಪಾ. ನಮ್ಮಮ್ಮ ಕಲಿಸ್ಲಿಲ್ಲ."

"ಏನಂದೆ?"

"ನೀವು ಅಂದಿದ್ದನ್ನೇ ಅಂದೆ."

ಅತ್ತೆಯ ಮುಖ ಕೆಂಪಾಯಿತು. "ಹೋಗ್ಲಿ ಬಿಡೆ! ನಿನ್ನಂಥೋರು ಹುಟ್ಟೋಕೆ ಮುಂಚಿಂದ್ಲೂ ಕಿಟಕಿ ತೊಳೆದಿದ್ದೀನಿ!" ಎಂದು ತೋಳು ಮೇಲೇರಿಸಿ ತಾವೇ ಇಳಿದರು. ಕುದಿನೀರು, ಬಟ್ಟೆಸೋಪು. ನಾನು ಮೂಲೆಯಲ್ಲಿ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತ ನೋಡಿದೆ. ಹಳೆಯ ಜಿಡ್ಡಿಗೆ ಮೊದಲು ನೀರು ಮುಟ್ಟಿಸಲೇಬಾರದು. ಅದು ಬಿಡುವುದಿಲ್ಲ, ಹರಡುತ್ತದೆ. ಒರೆಸಿದಷ್ಟೂ ಗಾಜು ಒಡೆದ ಹಾಲಿನ ಹಾಗೆ ಬೆಳ್ಳಗಾಗುತ್ತ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಕಿಟಕಿಯಿಂದ ಬೆಟ್ಟ ಹೋಗಲಿ, ಅಂಗಳದ ನಾಯಿಯೂ ಕಾಣಿಸುತ್ತಿರಲಿಲ್ಲ. ಅತ್ತೆಯ ಸೊಂಟ ಹಿಡಿದುಕೊಂಡಿತು. ಸುಳ್ಳು ಯಾಕೆ ಹೇಳಲಿ, ಆವತ್ತು ನಾನು ಎರಡು ಬಟ್ಟಲು ಊಟ ಹೆಚ್ಚಿಗೆ ಮಾಡಿದೆ.

ಮಂಗಳವಾರ ಶಾರ್ಕನ್ ಸೀಮೆಎಣ್ಣೆ ಹಿಡಿದುಕೊಂಡು ಬಂದಳು. "ಇದಕ್ಕೆ ಬಿಡದ ಜಿಡ್ಡೇ ಇಲ್ಲ ಅಪಾ, ನಮ್ಮ ಯಜಮಾನ್ರು ಗಾಡಿ ಭಾಗ ಇದ್ರಲ್ಲೇ ತೊಳ್ಯೋದು." ತೊಳೆದಳು. ಬಿಳಿಯ ಮೇಲೆ ಕಾಮನಬಿಲ್ಲು ಬಂತು. ಮನೆಯೆಲ್ಲ ಸೀಮೆಎಣ್ಣೆ ನಾತ. ಮೀರಿಮ್ ರೊಟ್ಟಿ ಕಚ್ಚಿ ಉಗಿದು, "ಅಮ್ಮಾ, ಇದು ಅಪ್ಪನ ಬಸ್ಸಿನ ರುಚಿ ಇದೆ" ಅಂದಳು. ಶಾರ್ಕನ್ ತಲೆನೋವು ಅಂತ ಹೇಳಿ ಜಾಮ್ ಬಾಟಲಿಯನ್ನೂ ಮರೆತು ಹೊರಟುಹೋದಳು.

ಬುಧವಾರ ಮಿರ್ಲಾನ್ ಮನೆಯಲ್ಲಿದ್ದ. ಅತ್ತೆ ನನ್ನ ಎದುರು ಬಂದು ನಿಂತರು. ಬಟ್ಟೆ ಕೈಯಲ್ಲೇ ಇತ್ತು.

"ನಿಮ್ಮಮ್ಮ ಏನು ಹಾಕ್ತಿದ್ಲು ಇದಕ್ಕೆ?"

"ನಾಳೆ ಗುರುವಾರ. ಎಣ್ಣೆ ಕಾಯಿಸಿ ಹೆಸರು ಹಿಡಿದು ಕರೀರಿ. ಬಂದ್ರೆ ಅವಳನ್ನೇ ಕೇಳಿ."

ಅತ್ತೆ ಆ ಒದ್ದೆ ಬಟ್ಟೆಯನ್ನು ನನ್ನ ಮುಖಕ್ಕೆ ಎಸೆದರು. "ಕೇಳಿದ್ಯೇನೋ ಮಿರ್ಲಾನ್, ನಿನ್ನ ಹೆಂಡ್ತಿ ಮಾತಾಡೋದನ್ನ! ಈ ಮನೇಲಿ ನಾನು ಉಸಿರಾಡೋವರೆಗೂ ಆ ಹೆಸರು ಈ ಬಾಯಲ್ಲಿ ಬರಲ್ಲ. ಬೇಕಾದ್ರೆ ಬರೆದಿಟ್ಕೊ!"

"ಬುರುಲ್, ನಿನಗೇನು ಬೇಕು ಹೇಳು," ಅಂದ ಮಿರ್ಲಾನ್. ಪಾಪ, ಆವತ್ತು ಎತ್ತಿಕೊಳ್ಳಲು ಕೈಯಲ್ಲಿ ತಟ್ಟೆ ಇರಲಿಲ್ಲ.

"ಒಂದು ಹೆಸರು. ಗಟ್ಟಿಯಾಗಿ. ಅಷ್ಟೆ."

"ಅಮ್ಮಾ, ಹೇಳಿಬಿಡಮ್ಮ. ಒಂದು ಹೆಸರು ತಾನೇ!"

"ನೀನು ಬಾಯ್ಮುಚ್ಚು, ಹೆಣ್ಣಿಗ!"

ಅತ್ತೆ ಪೆಟ್ಟಿಗೆಯಿಂದ ತಮ್ಮ ಮದುವೆಯ ಕಾಲದ ದಪ್ಪ ಪರದೆ ತೆಗೆಸಿ ಕಿಟಕಿಗೆ ಹಾಕಿಸಿದರು. ಹೆಂಗಸರು ಕೇಳಿದರೆ ಬಿಸಿಲು ಕಣ್ಣಿಗೆ ಹೊಡೆಯುತ್ತೆ ಅಂತ ಹೇಳುವುದೆಂದು ತೀರ್ಮಾನವಾಯಿತು.

ಗುರುವಾರ ಬೆಳಿಗ್ಗೆ ಅತ್ತೆ ಮಾಂಸ ಕೊಳ್ಳಲು ಮಗನ ಜೊತೆ ಸಂತೆಗೆ ಹೋದರು. ನಾನು ಪರದೆ ಸರಿಸಿದೆ. ಒಂದೇ ಒಂದು ಗಾಜು, ಮೇಲಿನ ಸಾಲಿನ ನಡುವಿನದು. ಅಮ್ಮ ಮಾಡುತ್ತಿದ್ದ ಹಾಗೇ ಮಾಡಿದೆ. ಮೊದಲು ಒಣ ತೌಡನ್ನು ಒಲೆಯ ಮೇಲೆ ಬೆಚ್ಚಗೆ ಮಾಡಿ, ಬಟ್ಟೆಯ ಚೀಲಕ್ಕೆ ತುಂಬಿ ಗಾಜಿಗೆ ಉಜ್ಜಿದೆ. ತೌಡು ಜಿಡ್ಡು ಕುಡಿದು ಉಂಡೆಯುಂಡೆಯಾಗಿ ಉದುರಿತು. ಮೂರು ಸಲ ತೌಡು ಬದಲಿಸಿದೆ. ಆಮೇಲೆ ಬಟ್ಟೆ ಸೋಡಾವನ್ನು ಗಟ್ಟಿಯಾಗಿ ಕಲಸಿ ಬಳಿದು, ಒಂದು ಚಹಾ ಕುಡಿಯುವಷ್ಟು ಹೊತ್ತು ಬಿಟ್ಟೆ. ಆಮೇಲೆ ಉಗುರುಬೆಚ್ಚಗಿನ ನೀರು, ಆಮೇಲೆ ವಿನೆಗರ್, ಕೊನೆಗೆ ಹಳೆ ಪೇಪರು. ಮೀರಿಮ್ ಬಂದು ಬೆರಳು ಚಾಚಿ, "ಅಮ್ಮಾ, ಗಾಜು ಎಲ್ಲಿ ಹೋಯ್ತು?" ಅಂದಳು. ನನಗೆ ಅಳು ಬಂತು. ಒರೆಸಿಕೊಂಡು ಪರದೆ ಮುಚ್ಚಿದೆ.

ಮಧ್ಯಾಹ್ನ ಹದಿನಾಲ್ಕು ಮನೆಯ ಹೆಂಗಸರೂ ಬಂದರು. ಶಾರ್ಕನ್ ಕೂಡ ಬಂದಳು. ದೊಡ್ಡವರು ಅನಾರ್ಕುಲ್ ಅಜ್ಜಿ, ಎಂಬತ್ತೆರಡು ವರ್ಷ, ಬೀದಿಯಲ್ಲಿ ಅವರ ಮಾತಿಗೆ ಎದುರಿಲ್ಲ. ಮಾಂಸ ಬೆಂದಿತ್ತು, ಕೆನೆ ಇತ್ತು, ಜಾಮ್ ಇತ್ತು. ನಾನು ಬೋರ್ಸೋಕ್ ಕರಿಯುತ್ತಿದ್ದೆ. ಅತ್ತೆ ಪ್ರಾರ್ಥನೆ ಶುರುಮಾಡುವುದಕ್ಕೆಂದು ಕೈ ಎತ್ತಿದರು.

"ಹೊಗೆ ಜಾಸ್ತಿ ಆಯ್ತು," ಎಂದು ನಾನು ಪರದೆಯನ್ನು ಒಂದೇ ಎಳೆತಕ್ಕೆ ಪೂರ್ತಿ ಸರಿಸಿಬಿಟ್ಟೆ.

ಐದು ಗಾಜು ಹುಣ್ಣಾದ ಕಣ್ಣಿನಂತಿದ್ದವು. ಆ ಒಂದರಿಂದ ಹಿಮದ ಬೆಟ್ಟ ಒಳಕ್ಕೆ ಬಂದು ನಿಂತಿತ್ತು, ಬಿಸಿಲು ನೇರವಾಗಿ ಅತ್ತೆಯ ಮಡಿಲಿಗೆ ಬಿದ್ದಿತ್ತು. ಯಾರೋ ಕಿಸಕ್ಕನೆ ನಕ್ಕರು. ಅತ್ತೆಯ ಎತ್ತಿದ ಕೈ ಹಾಗೇ ನಿಂತಿತು.

ಅನಾರ್ಕುಲ್ ಅಜ್ಜಿ ಕನ್ನಡಕ ಹಾಕಿಕೊಂಡರು. ಮಂಡಿನೋವಿಗೆ ಪ್ರತಿ ಬೇಸಿಗೆ ಆರೋಗ್ಯಧಾಮದ ಕೆಸರುಸ್ನಾನಕ್ಕೆ ಹೋಗುತ್ತಿದ್ದವರು ಅವರು. "ಇದು ಜೂರಾ ಕೈಕೆಲಸ," ಅಂದರು. "ಇಂಥ ಗಾಜು ಇನ್ಯಾರಿಂದ್ಲೂ ಆಗಲ್ಲ. ನಿಮ್ಮಮ್ಮ ಬಂದವ್ಳೆ ಅಂತ ಹೇಳ್ಬಾರ್ದೇನೇ ಬುರುಲ್? ಎಲ್ಲಿದ್ದಾಳೆ, ಕರಿ ಒಳಗೆ."

ಇಷ್ಟು ಚೆನ್ನಾಗಿ ಒದಗಿಬರುತ್ತದೆಂದು ನಾನೂ ಅಂದುಕೊಂಡಿರಲಿಲ್ಲ. ಸೌಟು ಕೆಳಗಿಟ್ಟೆ.

"ಬಂದಿದ್ದಾಳೆ ಅಜ್ಜಿ. ಗುರುವಾರ ಅಲ್ವಾ, ಹೊಸ್ತಿಲಾಚೆ ನಿಂತಿದ್ದಾಳೆ. ಒಳಗೆ ಕರೆಯೋರಿಲ್ಲ."

ಅಜ್ಜಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಯಾವಾಗಮ್ಮಾ?" ಅಜ್ಜಿ ಮೆಲ್ಲಗೆ ಕೇಳಿದರು.

"ಅಕ್ಟೋಬರ್ ಕೊನೇಲಿ."

"ಅಕ್ಟೋಬರ್ನಲ್ಲಿ ನೀನು ಆಲೂಗಡ್ಡೆ ಕೀಳೋಕೆ ಹೋಗಿದ್ದೆ!" ಅಂದಳು ಪಕ್ಕದ ಮನೆಯಾಕೆ. "ಕಲಿಪಾನೇ ಹೇಳಿದ್ಲು ನಂಗೆ. ನಾನು ನಿನ್ನನ್ನ ಬೆಳೆ ಚೆನ್ನಾಗಿತ್ತಾ ಅಂತ ಬೇರೆ ಕೇಳ್ದೆ, ಅಯ್ಯೋ ನನ್ನ ಬಾಯಿಗಿಷ್ಟು!"

"ಅಮ್ಮನ್ನ ಮಣ್ಣು ಮಾಡೋಕೆ ಹೋಗಿದ್ದೆ."

ಹದಿನಾಲ್ಕು ಮುಖಗಳೂ ಅತ್ತೆಯ ಕಡೆ ತಿರುಗಿದವು. ಶಾರ್ಕನ್ ಮಾತ್ರ ತನ್ನ ಬಟ್ಟಲಿನೊಳಗೆ ಏನನ್ನೋ ಹುಡುಕುತ್ತಿದ್ದಳು.

"ಕಲಿಪಾ," ಅಂದರು ಅಜ್ಜಿ, "ಬೀಗಿತ್ತಿ ಸತ್ತಿದ್ದನ್ನ ಮುಚ್ಚಿಟ್ಯಾ? ನಾವು ಬಂದು ನಾಲ್ಕು ಹನಿ ಕಣ್ಣೀರು ಹಾಕಿದ್ರೆ ನಿನ್ನ ಚಹಾಪುಡಿ ಖರ್ಚಾಗ್ತಿತ್ತಾ? ಐದು ತಿಂಗಳು ಈ ಹುಡುಗಿ ಎದುರು ನಾವು ನಕ್ಕೊಂಡು ಓಡಾಡಿದ್ವಲ್ಲೇ! ಸತ್ತೋರ ಮುಂದೆ ನಮ್ಮನ್ನೂ ಪಾಪಿಗಳನ್ನಾಗಿ ಮಾಡಿದ್ಯಲ್ಲೇ!"

"ಅನಾರ್ಕುಲಕ್ಕಾ, ಹಾಗಲ್ಲ... ಚಳಿ ಬೇರೆ ಇತ್ತು..."

"ಕೈ ಎತ್ತು."

ಎಲ್ಲರೂ ಬಟ್ಟಲು ಕೆಳಗಿಟ್ಟು ಕೈ ಎತ್ತಿದರು. ಅಜ್ಜಿ ಪ್ರಾರ್ಥನೆ ಓದಿದರು. ಒಬ್ಬೊಬ್ಬರಾಗಿ ಅಮ್ಮನ ಹೆಸರು ಹೇಳಿದರು. ಜೂರಾ, ಜೂರಾ, ನಿನ್ನ ಜಾಗ ತಂಪಾಗಿರಲಿ. ಅತ್ತೆಯ ತುಟಿ ಅಲುಗಿತು, ಸದ್ದು ಬರಲಿಲ್ಲ.

"ಜೋರಾಗಿ ಹೇಳು ಕಲಿಪಾ," ಅಂದರು ಅಜ್ಜಿ. "ಒಲೆ ನಿಂದು. ನೀನು ಕರೆದ್ರೇ ಅವಳು ಹೊಸ್ತಿಲು ದಾಟೋದು."

ಅತ್ತೆ ನನ್ನನ್ನು ನೋಡಿದರು. ನಾನೂ ಅವರಿಂದ ದೃಷ್ಟಿ ಕದಲಿಸಲಿಲ್ಲ.

"ಜೂರಾ," ಅಂದರು ಅತ್ತೆ.

ಆಗ ಬಾಣಲೆಯಿಂದ ಎದ್ದ ಹೊಗೆಯನ್ನು ನಾನು ಎದೆ ತುಂಬ ಎಳೆದುಕೊಂಡೆ. ಅಮ್ಮ ಐದು ತಿಂಗಳ ನಂತರ ಉಂಡಳು. ನನಗೆ ಅತ್ತೆಯ ಮೇಲೆ ಕರುಣೆ ಬರಬೇಕಿತ್ತೋ ಏನೋ, ಎಳ್ಳಷ್ಟೂ ಬರಲಿಲ್ಲ.

ಅತ್ತೆ ಮೂರು ದಿನ ಬೀದಿಗೆ ಇಳಿಯಲಿಲ್ಲ. ಮಿರ್ಲಾನ್ ಬಂದು, "ಇನ್ನಾದ್ರೂ ಮಿಕ್ಕಿದ್ದು ತೊಳಿ ಮಾರಾಯ್ತಿ, ಸಾಕು" ಅಂದ.

"ವಾರಕ್ಕೊಂದು ಹೆಸರು, ವಾರಕ್ಕೊಂದು ಗಾಜು," ಅಂದೆ. "ನಿಮ್ಮಮ್ಮಂಗೆ ಹೇಳು."

ಮುಂದಿನ ಗುರುವಾರ ಅತ್ತೆ ಹೆಸರನ್ನು ಗಂಟಲಲ್ಲೇ ನುಂಗಿದರು. "ಎಣ್ಣೆ ಸದ್ದಲ್ಲಿ ಅರ್ಧ ಕೇಳಿಸ್ಲಿಲ್ಲ ಅಪಾ," ಎಂದು ನಾನು ಶನಿವಾರ ಅರ್ಧ ಗಾಜು ತೊಳೆದೆ. ಅತ್ತೆ ಹಲ್ಲು ಕಡಿದರು. ಅದರ ಮುಂದಿನ ವಾರ ಸ್ಪಷ್ಟವಾಗಿ ಹೇಳಿದರು, ಉಳಿದರ್ಧ ತೊಳೆದೆ. ಹೀಗೇ ಏಪ್ರಿಲ್ ಕಳೆಯಿತು. ಸೇಬಿನ ಮರ ಹೂ ಬಿಡುವ ಹೊತ್ತಿಗೆ ಐದು ಗಾಜೂ ಇಲ್ಲವೇನೋ ಅನ್ನುವಂತೆ ಹೊಳೆಯುತ್ತಿದ್ದವು.

ಉಳಿದದ್ದು ಕೆಳಗಿನ ಸಾಲಿನ ಬಲಗಡೆಯದು. ಅತ್ತೆ ಕೂರುವ ಜಾಗಕ್ಕೆ ಸರಿಯಾಗಿ ಎದುರಿಗಿರುವುದು ಅದೇ. ಅಲ್ಲಿಂದಲೇ ಅವರು ಹೊರಬಾಗಿಲು ನೋಡುತ್ತಿದ್ದರು, ದೊಡ್ಡ ಮಗ ಬಂದನಾ, ಹಸು ಬಂತಾ ಅಂತ. ಆ ವಾರ ಹೆಸರು ಹೇಳಿದರು. ಅದರ ಮುಂದಿನ ವಾರವೂ ಹೇಳಿದರು. ನಾನು ತೊಳೆಯಲಿಲ್ಲ. ಅವರೂ ಕೇಳಲಿಲ್ಲ. ಕತ್ತು ಚಾಚಿ ಪಕ್ಕದ ಗಾಜಿನಿಂದ ನೋಡುವುದನ್ನು ಅಭ್ಯಾಸ ಮಾಡಿಕೊಂಡರು.

ಹುಲ್ಲು ಕೊಯ್ಯುವ ಕಾಲಕ್ಕೆ ಅವರಿಗೆ ಕೆಮ್ಮು ಹಿಡಿಯಿತು. ಒಂದು ಮಧ್ಯಾಹ್ನ ನಾನು ಹಾಲು ಬಿಸಿ ಮಾಡಿ ಕೊಟ್ಟೆ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಆ ಮಬ್ಬು ಗಾಜನ್ನೇ ನೋಡುತ್ತ ಕೂತರು.

"ಬುರುಲ್."

"ಏನು ಅಪಾ?"

"ನಾನು ಹೋದ್ಮೇಲೆ ಈ ಒಲೆ ಮುಂದೆ ನೀನೇ ತಾನೇ ನಿಲ್ಲೋದು?"

"ಇನ್ಯಾರು ನಿಲ್ತಾರೆ? ಶಾರ್ಕನ್ ಅಕ್ಕ ಬರ್ತಾಳಾ?"

ಅತ್ತೆ ಹಾಲು ಕುಡಿಯಲಿಲ್ಲ. ಮೇಲೆ ಕೆನೆ ಕಟ್ಟಿತು. "ನನ್ನ ಹೆಸರು... ಗುರುವಾರ... ಹೇಳ್ತೀಯಲ್ವಾ?"

ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ನಾನು ಒಲೆಯ ಪಕ್ಕದ ಮೊಳೆಗೆ ತೂಗುಹಾಕಿದ್ದ ತೌಡಿನ ಚೀಲವನ್ನು ಸರಿಪಡಿಸಿದೆ.

"ಆ ಗಾಜು ತೊಳೆದ ದಿನ ಹೇಳ್ತೀನಿ ಅಪಾ, ಹೌದೋ ಅಲ್ವೋ ಅಂತ."

ಆ ಮಾತಾಗಿ ಆರು ಗುರುವಾರಗಳು ಕಳೆದಿವೆ. ಅತ್ತೆ ಈಗ ಜೂರಾ ಹೆಸರನ್ನು ಮಾವನ ಹೆಸರಿಗಿಂತಲೂ ಮೊದಲು, ಬೀದಿಯವರೆಗೆ ಕೇಳಿಸುವ ಹಾಗೆ ಹೇಳುತ್ತಾರೆ. ಹೇಳಿ, ತೌಡಿನ ಚೀಲದ ಕಡೆ ನೋಡುತ್ತಾರೆ. ನಾನು ಬೋರ್ಸೋಕ್ ಮಗುಚಿ ಹಾಕುತ್ತೇನೆ.